ನುಂಗಿದ ಅಕ್ಷರ

ಸಂಶಿ ಊರಿನ ಹೆಜ್ಜೆ ಮೇಳ ದೆಹಲಿಯ ಉತ್ಸವಕ್ಕೆ ಹೋಗಲು ಅಡ್ಡಿಯಾಗಿದ್ದದ್ದು ಎರಡು ಹೆಸರು. ಅವರದು ಮೊಹರಂ ಕುಣಿತ. ಮೊದಲ ಹೆಜ್ಜೆಗೆ ಮುಂಚೆ ಹಾಡುಗಾರ "ಹಸನಾ, ಹುಸೇನಾ" ಎಂದು ಕೂಗಬೇಕು.

"ರಾಷ್ಟ್ರೀಯ ವೇದಿಕೆ ನೋಡಿ, ಎಲ್ಲರದ್ದೂ ಅನ್ನಿಸಬೇಕು," ಎಂದರು ಆಯ್ಕೆಗೆ ಬಂದಿದ್ದ ಮಹಿಳಾ ಅಧಿಕಾರಿ. "ಸುಗ್ಗಿ ಕುಣಿತ ಅಂತ ಬರ್ಕೊಳ್ತೀನಿ. ಆ ಕೂಗೊಂದು ಬಿಟ್ಬಿಡಿ."

ಮೇಳದ ಮುಂದಾಳು ಗೂಳಪ್ಪ ಕುರಿ ಕಾಯುವವನು. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ತಾಯಿ ಅವನನ್ನು ಮೊಹರಂನಲ್ಲಿ ಕೂರಿಸುವ ಹಸ್ತದಾಕಾರದ ಪಂಜಾದೆದುರು ಮಲಗಿಸಿ ಹರಕೆ ಹೊತ್ತಿದ್ದಳು. ಆ ಎರಡು ಹೆಸರು ಕಿವಿಗೆ ಬೀಳದೆ ಅವನು ಕಾಲೆತ್ತುತ್ತಿರಲಿಲ್ಲ.

"ಹಂಗಾರ ನಾ ಬರಾಂಗಿಲ್ರಿ, ಬಾಯಾರ."

"ಲೇ ಗೂಳ್ಯಾ, ಹುಡುಗ್ರು ದಿಲ್ಲಿಗಂತ ಹೊಸಾ ಅಂಗಿ ಹೊಲಿಸ್ಯಾರ," ಎಂದ ಹಾಡುಗಾರ ನಿಜಾಮಸಾಬ, ಅವನ ಬಾಲ್ಯದ ಗೆಳೆಯ. ಅಧಿಕಾರಿಯತ್ತ ತಿರುಗಿ, "ಸುಗ್ಗಿ ಅಂದ್ರ ಹೊಲದ ಮಾತು ಬೇಕಲ್ರಿ? 'ಹೊಲ ಹಸನಾ, ಬೆಳಿ ಹುಲುಸೇನಾ' ಅಂದ್ರ ನಡೀತೈತೇನ್ರಿ?"

"ಎಷ್ಟು ಚೆನ್ನಾಗಿದೆ! ಮಣ್ಣಿನ ವಾಸನೆ ಇದೆ."

ಜೀಪು ಹೋದ ಮೇಲೆ ಗೂಳಪ್ಪ ಗೆಳೆಯನ ಮೇಲೆ ಹರಿಹಾಯ್ದ. "ಹೊಲ ಹಸನ ಮಾಡಾಕ ದಿಲ್ಲಿಗೆ ಹೊಂಟಿಯೇನ್ಲೇ?"

"ದಡ್ಡ ಅದೀ. ಹಸನಾ ಹಂಗಽ ಐತಿ. ಹುಲುಸೇನಾದಾಗಿನ 'ಲು' ನಾ ನುಂಗಿಬಿಡ್ತೀನಿ. ಏನ ಉಳೀತು?"

ಗೂಳಪ್ಪ ಬಾಯಲ್ಲೇ ಅಂದು ನೋಡಿದ. ನಕ್ಕ.

ದೆಹಲಿಯಲ್ಲಿ ನಿಜಾಮಸಾಬ 'ಲು' ನುಂಗಿದ, ಗೂಳಪ್ಪನ ಕಾಲು ಎದ್ದಿತು. ಸಾವಿರಾರು ವರ್ಷಗಳ ಕೃಷಿ ಸಂಸ್ಕೃತಿಯ ಕುಣಿತವೆಂದು ನಿರೂಪಕ ಹಿಂದಿಯಲ್ಲಿ ಸಾರಿದ. ಮೊಬೈಲುಗಳಲ್ಲಿ ಅದು ಊರೂರಿಗೆ ಹಬ್ಬಿತು. ಆ ವರ್ಷ ಸುತ್ತಲಿನ ಶಾಲೆ ಕಾಲೇಜುಗಳ ವಾರ್ಷಿಕ ಗ್ಯಾದರಿಂಗುಗಳಲ್ಲೆಲ್ಲ ಸುಗ್ಗಿ ಕುಣಿತ.

ಮುಂದಿನ ಮೊಹರಂ ಹೊತ್ತಿಗೆ ನಿಜಾಮಸಾಬನ ಗಂಟಲು ಕಟ್ಟಿತ್ತು. ಹಾಡಲು ನಿಂತವನು ಗೂಳಪ್ಪನ ಮಗ ಸಿದ್ದರಾಮ, ಕುಂದಗೋಳದ ಕಾಲೇಜಿನಲ್ಲಿ ಸುಗ್ಗಿ ಕುಣಿತಕ್ಕೆ ಹಾಡಿ ಬಹುಮಾನ ಪಡೆದವನು. ಪಂಜಾದೆದುರು ಹಲಗೆ ಮೊಳಗಿತು.

"ಹೊಲ ಹಸನಾ, ಬೆಳಿ ಹುಲುಸೇನಾ!"

ಒಂದಕ್ಷರವೂ ಜಾರದ ಸ್ವಚ್ಛ ಉಚ್ಚಾರ. ಗೂಳಪ್ಪನ ಕಾಲು ಏಳಲಿಲ್ಲ.

ನಿಜಾಮಸಾಬ ಒಡೆದ ದನಿಯಲ್ಲಿ ಪಿಸುಗುಟ್ಟಿದ: "ತಮ್ಮಾ, 'ಲು' ನುಂಗೋ."

"ಯಾಕ್ರಿ ಕಾಕಾ?" ಸಿದ್ದರಾಮನಿಗೆ ನಿಜಕ್ಕೂ ನೋವಾಗಿತ್ತು. "ಮೂಲದಾಗ ಇದು ಅಗದಿ ಹಳೇ ಸುಗ್ಗಿ ಪದ ಅಂತ ಕಾಲೇಜಿನ್ಯಾಗ ಹೇಳ್ಯಾರ್ರಿ. ನಾವಽ ಕೆಡಿಸಿದ್ರ ಹೆಂಗ?"

ಹಲಗೆ ಬಡಿಯುತ್ತಲೇ ಇತ್ತು. ಗೂಳಪ್ಪ ಎರಡೂ ಕಾಲೂರಿ ನಿಂತೇ ಇದ್ದ.