ಅಳತೆಗೆ ಕತ್ತರಿಸಿದ ರಜೆ

ಮಗಳ ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ತಾಯಿ ಮೂರು ಪಾಲು ಮಾಡಿ ಹಿಡಿದುಕೊಂಡಿದ್ದಳಷ್ಟೆ, ಹೊಲಿಗೆ ಯಂತ್ರದ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅಕ್ಕನ ಫೋನು. ಬೆಳಗಿನ ಹೊತ್ತು ಅಕ್ಕ ಫೋನು ಮಾಡಿದಳೆಂದರೆ ಒಂದೋ ಯಾರಿಗೋ ಹುಷಾರಿಲ್ಲ, ಇಲ್ಲವೇ ಅಕ್ಕನಿಗೆ ಏನೋ ಹೊಳೆದಿದೆ. ಎರಡರಲ್ಲಿ ಯಾವುದಾದರೂ ಜಡೆಯ ಕತೆ ಅಲ್ಲಿಗೆ ಮುಗಿದಂತೆ.

"ಕೊಲ್ಲಿ ಸೇರಿಸಿದ್ಯೇನೇ?" ಎಂದಳು ಅಕ್ಕ, ಹೇಗಿದ್ದೀಯ ಎಂದೂ ಕೇಳದೆ.

"ಯಾವ ಕೊಲ್ಲಿ ಅಕ್ಕ?"

"ಹಾಲಾಂಗ್ ಕೊಲ್ಲಿ ಕಣೇ. ನೀರೊಳಗಿಂದ ಬೆಟ್ಟಗಳು ಎದ್ದು ನಿಂತಿರ್ತವೆ. ನಾವು ದೋಣಿಯಲ್ಲಿ ಕೂತು ನೋಡಿದ್ವಿ. ವಿಯೆಟ್ನಾಂವರೆಗೂ ಹೋಗಿ ಅದನ್ನ ನೋಡದೆ ಬಂದ್ರೆ ಜನ ಏನಂತಾರೆ?"

ಯಾವ ಜನ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ಆ ಜನ ಅಕ್ಕನೊಬ್ಬಳೇ ಎಂದು ಗೊತ್ತಾಗಿಬಿಡುತ್ತಿತ್ತು. ಅಕ್ಕ ಆ ದೇಶದಲ್ಲಿ ನಾಲ್ಕು ಊರು ನೋಡಿ ಬಂದವಳು. ಅಲ್ಲಿಯ ಫೋಟೊಗಳನ್ನು ವರ್ಷವಿಡೀ ಸ್ವಲ್ಪಸ್ವಲ್ಪವೇ ಬಡಿಸುತ್ತ ಬಂದಿದ್ದಳು. ತಂಗಿ ಐದು ಊರನ್ನಾದರೂ ನೋಡದೆ ಬರುವುದು ಹೇಗೆ?

"ಅಮ್ಮ, ಒಂದು ಕೇಳ್ಲಾ?" ಎಂದಿತು ಸ್ಟೂಲಿನ ಮೇಲೆ ಕೂತಿದ್ದ ಮಗು.

"ಕೇಳು ಚಿನ್ನ. ಒಂದೇ ಒಂದು ನಿಮಿಷ," ಎಂದು ಅವಳು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸೀಮೆಸುಣ್ಣ ಹುಡುಕಲು ಹೋದಳು. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಶಾಲೆಯ ವ್ಯಾನು ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. ಮಗಳು ಒಂದು ಕಡೆ ಜಡೆ, ಇನ್ನೊಂದು ಕಡೆ ರಬ್ಬರ್ ಬ್ಯಾಂಡು ಹಾಕಿಕೊಂಡು ವ್ಯಾನು ಹತ್ತಿದಳು. ಬೀದಿಯವರ ಬಟ್ಟೆಯನ್ನೆಲ್ಲ ಓರೆಕೋರೆಯಿಲ್ಲದೆ ಹೊಲಿಯುವವಳ ಮಗಳು.

ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟೈಲರಮ್ಮ ಎಂದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಸಾಲದು ಎಂದು ಬೇರೆಯವರು ಕೈಚೆಲ್ಲಿದ್ದನ್ನು ಜನ ಇಲ್ಲಿಗೆ ತರುತ್ತಿದ್ದರು. ಅವಳು ಕಂದು ಕಾಗದದಲ್ಲಿ ಕತ್ತರಿಸಿದ ಅಳತೆಗಳನ್ನು ಬಟ್ಟೆಯ ಮೇಲಿಟ್ಟು ಅತ್ತ ತಿರುಗಿಸಿ, ಇತ್ತ ಹೊರಳಿಸಿ, ತೋಳಿನ ತಿರುವಿನಲ್ಲಿ ಕಾಲರ್ ತೂರಿಸಿ, ಉಳಿದ ಮೂಲೆಯಲ್ಲಿ ಜೇಬು ಕೂರಿಸಿ, ಪೂರ್ತಿ ಫ್ರಾಕು ಹೊರಡಿಸಿಬಿಡುತ್ತಿದ್ದಳು. ಈ ಒಂದು ವಿದ್ಯೆಯ ಬಗ್ಗೆ ಅವಳಿಗೆ ಇದ್ದ ಹೆಮ್ಮೆ ಸಣ್ಣದೇನಲ್ಲ.

ಪ್ರವಾಸಕ್ಕೂ ಅದೇ ವಿದ್ಯೆಯನ್ನು ಹೂಡಿದ್ದೇ ಎಡವಟ್ಟಾಯಿತು.

ನಿಜಕ್ಕೂ ಇದು ಮಗಳಿಗಾಗಿ ಹುಟ್ಟಿದ ಪ್ರವಾಸ. ಕಳೆದ ರಜೆಯಲ್ಲಿ ಎರಡು ಶಾಲೆಗಳ ಯೂನಿಫಾರ್ಮ್ ಒಟ್ಟಿಗೇ ಬಂದು, ಮಗು ರಜೆಯನ್ನೆಲ್ಲ ಕತ್ತರಿಸುವ ಮೇಜಿನ ಕೆಳಗೆ ಚಿಂದಿಗಳ ಜೊತೆ ಕಳೆದಿತ್ತು. ಕೊನೆಯ ಗುಂಡಿ ಹಾಕಿದ ದಿನ ತಾಯಿ ಅದನ್ನು ತೊಡೆಯ ಮೇಲೆ ಎಳೆದುಕೊಂಡು, "ಮುಂದಿನ ರಜೆ ಪೂರ್ತಿ ನಿಂದೇ. ಯಂತ್ರಕ್ಕೆ ಮುಸುಕು ಹಾಕಿಬಿಡ್ತೀನಿ," ಎಂದು ಮಾತು ಕೊಟ್ಟಿದ್ದಳು. ಆ ಮಾತು ಉಳಿಸಿಕೊಳ್ಳಲೆಂದೇ ಈ ದೇಶ, ಈ ಊರುಗಳು. ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಈಗ ಮಗಳ ಜೊತೆ ಕೂರಲು ಮೊದಲಿಗಿಂತಲೂ ಕಡಿಮೆ ಹೊತ್ತು ಸಿಗುತ್ತಿತ್ತು. ಅದು ಅವಳ ಗಮನಕ್ಕೆ ಬಂದಿರಲಿಲ್ಲ.

ಗಂಡನಿಗೆ ಸಿಕ್ಕಿದ್ದು ಒಂದು ವಾರ ಚಿಲ್ಲರೆ ರಜೆ. ತುಂಡು ಬಟ್ಟೆ. ತುಂಡು ಬಟ್ಟೆ ಕಂಡರೆ ಟೈಲರಮ್ಮನ ಕೈ ಸುಮ್ಮನಿರುತ್ತದೆಯೇ? ಹಳೆಯ ಹಾಸಿಗೆ ಹೊದಿಕೆಯೊಂದನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ ಎಳೆದಿದ್ದಳು. ಊರಿಗೊಂದು ಕಾಗದ ಕತ್ತರಿಸಿದ್ದಳು. ಉತ್ತರದ ತುದಿಯಲ್ಲಿ ಹಾನೋಯ್, ನಡುವೆ ಹಳೇ ಅರಮನೆಯ ಹುಯೆ, ಅದರ ಪಕ್ಕ ಹೋಯಿ ಆನ್, ಕೆಳಗೆ ತಣ್ಣಗಿನ ಬೆಟ್ಟದೂರು ದಾಲಾತ್, ತುದಿಯಲ್ಲಿ ಸೈಗಾನ್, ಅಲ್ಲಿಂದ ಮೆಕಾಂಗ್ ನದಿಯ ದೋಣಿಗಳು. ಇವತ್ತು ಅಕ್ಕನ ಕೊಲ್ಲಿಯೂ ಬಂತು. ಕೊಲ್ಲಿ ಮೊದಲು ಹೊದಿಕೆಯಲ್ಲಿ ಹಿಡಿಸಲಿಲ್ಲ. ಹಾನೋಯ್‌ನ ಒಂದು ಬದಿಯನ್ನು ಕತ್ತರಿಸಿ, ನಿದ್ದೆಯನ್ನೆಲ್ಲ ರೈಲಿಗೆ ತಳ್ಳಿದ ಮೇಲೆ ಹಿಡಿಸಿತು. ಹೊದಿಕೆಯಲ್ಲಿ ಒಂದು ಬೆರಳಗಲ ಜಾಗವೂ ಉಳಿಯಲಿಲ್ಲ. ಅವಳು ಹಿಂದೆ ಸರಿದು ನಿಂತು, ಸೊಂಟದ ಮೇಲೆ ಕೈಯಿಟ್ಟು, ತನ್ನನ್ನು ತಾನೇ ಮೆಚ್ಚಿಕೊಂಡಳು.

ಮಧ್ಯಾಹ್ನ ಕೋಟಿನ ಅಳತೆ ನೋಡಲು ಬಂದ ನರ್ಸಮ್ಮ ಮೇಜನ್ನು ಒಂದು ಸುತ್ತು ಹಾಕಿದರು.

"ಹೋಗ್ತಿರೋದು ರಜೆಗೋ ಡ್ಯೂಟಿಗೋ?"

"ರಜೆಗೇ. ಯಾಕೆ ಹಂಗಂದ್ರಿ?"

"ನಮ್ಮ ವಾರ್ಡಲ್ಲಿ ಹೀಗೆ ಪಾಳಿ ಹಾಕಿದ್ರೆ ನಾವು ಮುಷ್ಕರ ಮಾಡ್ತೀವಿ," ಎಂದು ನರ್ಸಮ್ಮ ತೋಳು ಚಾಚಿ ನಿಂತರು.

ಪಾಪ, ಒಂದು ಕಡೆ ಸುಮ್ಮನೆ ಕೂರುವವರಿಗೆ ಓಡಾಟದ ರುಚಿ ಏನು ಗೊತ್ತು ಎಂದುಕೊಂಡಳು ಟೈಲರಮ್ಮ. ಅಂದುಕೊಂಡದ್ದು ದಿನವಿಡೀ ಆಸ್ಪತ್ರೆಯಲ್ಲಿ ಓಡಾಡುವ ಹೆಂಗಸಿನ ಬಗ್ಗೆ. ಆ ಮೇಲೆ ನಾಚಿಕೆಯಾಗಿ ಕೋಟಿಗೆ ಕೇಳದಿದ್ದರೂ ಒಂದು ಒಳಜೇಬು ಸೇರಿಸಿದಳು.

ಸಂಜೆ ಗಂಡ ಬಂದ. ಅವನು ಲಿಫ್ಟು ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಹೋಗಿ ಬಂದವನಿಗೆ ಮನೆಯಲ್ಲಿ ಎಲ್ಲವೂ ಒಂದೇ ಮಹಡಿಯಲ್ಲಿರುವುದೇ ದೊಡ್ಡ ಸುಖ. ಕೈಕಾಲು ತೊಳೆದು ಬಂದು ಹೊದಿಕೆಯ ಮೇಲೆ ಬಗ್ಗಿದ.

"ಹಾನೋಯ್‌ನಲ್ಲಿ ಊಟ ಎಲ್ಲಿ?"

"ದಾರಿಯಲ್ಲಿ ರೀ."

"ಸ್ನಾನ?"

"ಹುಯೆಯಲ್ಲಿ."

"ಹುಯೆ ಯಾವಾಗ ಬರುತ್ತೆ?"

"ನಾಳಿದ್ದು."

ಅವನು ನಗಲಿಲ್ಲ. ನಕ್ಕರೆ ಏನಾಗುತ್ತದೆ ಎಂದು ಗೊತ್ತಿದ್ದವನು. ಎರಡು ಕಾಗದಗಳು ತಾಗಿಕೊಂಡಿದ್ದ ಅಂಚಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದ: "ಹೊಲಿಗೆಗೆ ಎಷ್ಟು ಬಿಟ್ಟಿದ್ದೀಯ?"

ಟೈಲರಮ್ಮ ಆ ಅಂಚಿನ ಮೇಲೆ ಬಗ್ಗಿದಳು. ಕತ್ತರಿ ಹಿಡಿಯಲು ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಮಾತು ಅದು. ಅಳತೆಯ ಸುತ್ತ ಒಂದು ಬೆರಳು ಬಟ್ಟೆ ಬಿಡದೆ ಕತ್ತರಿಸಿದರೆ, ಹೊಲಿದ ಫ್ರಾಕು ಯಾರ ಮೈಗೂ ಇಳಿಯುವುದಿಲ್ಲ. ಅವಳು ಊರಿಗೆ ಊರನ್ನು ಅಂಚಿಗೆ ಅಂಚು ತಾಗಿಸಿ ಇಟ್ಟಿದ್ದಳು. ಒಂದು ರೈಲು ತಡವಾದರೆ ಸಾಕು, ಒಬ್ಬರಿಗೆ ಹೊಟ್ಟೆ ಕೆಟ್ಟರೆ ಸಾಕು, ಇಡೀ ದೇಶ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಇಷ್ಟು ವರ್ಷ ಕತ್ತರಿ ಆಡಿಸಿದ ಕೈ. ಬೇರೆ ಯಾರಾದರೂ ಹೀಗೆ ಕತ್ತರಿಸಿದ್ದರೆ ಅವಳೇ ಬಿದ್ದುಬಿದ್ದು ನಗುತ್ತಿದ್ದಳು.

"ನೋಡಿ ಹೇಳೋಕೆ ನೀವೇ ಬೇಕಾಯ್ತು," ಎಂದಳು.

"ಹತ್ತು ವರ್ಷದಿಂದ ಕೇಳಿಸ್ಕೊಂಡಿದ್ದೀನಲ್ಲ. ಗೋಡೆಗೂ ಹೊಲಿಗೆ ಬಂದಿರುತ್ತೆ."

ಅಕ್ಕನ ಕೊಲ್ಲಿ ಹೋಯಿತು. ದಾಲಾತ್ ಹೋಯಿತು. ಮೆಕಾಂಗ್ ಕೂಡ ಹೋಯಿತು. ಊರುಗಳ ನಡುವೆ ಖಾಲಿ ಜಾಗ ಬಿತ್ತು. ಖಾಲಿ ಜಾಗ ನೋಡಿದ್ದೇ ತಡ, ಅವಳ ಕಣ್ಣಿಗೆ ಹೋಯಿ ಆನ್‌ನ ದರ್ಜಿ ಅಂಗಡಿಗಳು ಬಂದು ನಿಂತವು. ಆ ಊರಲ್ಲಿ ಅಳತೆ ಕೊಟ್ಟರೆ ಮರುದಿನವೇ ಹೊಲಿದು ಕೊಡುತ್ತಾರಂತೆ. ಹೇಗೆ ಕೊಡುತ್ತಾರೆ ಎಂದು ಒಂದು ಗಳಿಗೆ ನೋಡಿಬರುವುದರಲ್ಲಿ ತಪ್ಪೇನು? ಹಾಗೇ ಒಳ್ಳೆ ಜಿಪ್ಪು ಸಿಕ್ಕರೆ ತರಬಹುದು. ಅವಳ ಕೈ ತಾನಾಗಿಯೇ ಹೊಸ ಕಾಗದ ಕತ್ತರಿಸತೊಡಗಿತು.

"ಹೊಲಿಗೆಗೆ ಬಿಟ್ಟ ಮಾರ್ಜಿನ್ನಲ್ಲೂ ಜೇಬು ಇಟ್ಯಾ?" ಎಂದ ಗಂಡ.

ಅವಳು ಕತ್ತರಿ ಕೆಳಗಿಟ್ಟಳು. ಆಗಲೇ ಅವಳು ಮಗಳತ್ತ ನೋಡಿದ್ದು. ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿತ್ತು. ಚಿಂದಿಯೊಂದು ಸಿಕ್ಕರೆ ಸಾಕು, ಅದನ್ನು ಎಳೆದು ಬೊಂಬೆಗೆ ಸುತ್ತುವ ಮಗು. ಇಷ್ಟು ದಿನಗಳಲ್ಲಿ ಇಷ್ಟೊಂದು ಕಾಗದಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಟೈಲರಮ್ಮ ಅದನ್ನು ಈಗಷ್ಟೇ ಗಮನಿಸಿದಳು. ಈ ಮಗುವಿಗೆ ಬರಲು ಮನಸ್ಸೇ ಇಲ್ಲವೇ? ಇದಕ್ಕೇ ಬೇಡವಾದರೆ ಕೊಟ್ಟ ಮಾತಿಗೇನು ಅರ್ಥ, ಊರುಗಳಿದ್ದೇನು ಬಂತು?

ಸ್ಟೂಲು ಎಳೆದುಕೊಂಡು ಮಗಳ ಪಕ್ಕ ಕೂತಳು. "ಬಾ ಇಲ್ಲಿ. ನಿಂಗೆ ಯಾವ ಊರು ಬೇಕು ಹೇಳು. ನೀನು ಹೇಳಿದ್ದೇ ಇಡೋಣ."

ಮಗು ತಾಯಿಯ ಮುಖ ನೋಡಿತು. ಅಪ್ಪನ ಮುಖ ನೋಡಿತು. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತ.

"ನಂಗೆ ಊರು ಗೊತ್ತಿಲ್ಲ," ಎಂದಿತು.

"ಗೊತ್ತಿಲ್ದಿದ್ರೂ ಪರವಾಗಿಲ್ಲ ಬಂಗಾರ. ಸುಮ್ನೆ ಒಂದರ ಮೇಲೆ ಬೆರಳಿಡು."

ಮಗು ಬೆರಳಿಡಲಿಲ್ಲ. ಒಂದೊಂದೇ ಕಾಗದದ ಮೇಲೆ ಬಗ್ಗಿ, ತಾಯಿ ಬರೆದದ್ದನ್ನು ತುಟಿಯಾಡಿಸಿಕೊಂಡು ಓದುತ್ತ ಹೋಯಿತು. ಅರಮನೆ. ಮಾರುಕಟ್ಟೆ. ಹಳೇ ಸೇತುವೆ. ರಾತ್ರಿ ರೈಲು. ಹೊದಿಕೆಯ ಈ ತುದಿಯಿಂದ ಆ ತುದಿಗೆ ಹೋಗಿ, ಏನೋ ಕಳೆದುಕೊಂಡವರ ಹಾಗೆ ಮತ್ತೆ ಮೊದಲಿನಿಂದ ನೋಡಿತು. ಟೈಲರಮ್ಮ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಾಯಿ ಹಾಕದೆ ಕೂತಿದ್ದಳು. ಅವಳ ಮಟ್ಟಿಗೆ ಅದು ದೊಡ್ಡ ಸಾಧನೆಯೇ.

ಮಗು ನೆಟ್ಟಗೆ ನಿಂತು ಕೇಳಿತು: "ಅಮ್ಮ, ಇದ್ರಲ್ಲಿ ನೀನು ನನ್ ಜೊತೆ ಆಟ ಆಡೋದು ಯಾವ ಊರಲ್ಲಿ?"