ಮುಟ್ಟದೆ ಬಿಟ್ಟ ಗಂಟು

ಬೆರಳು ತಣ್ಣಗಿದೆ, ಡಾಕ್ಟರಮ್ಮನ ಬೆರಳು, ಎಡ ಕಂಕುಳಿನ ಒಳಮೂಲೆಯನ್ನು ತಡಕುತ್ತಿದೆ, ಇಷ್ಟು ಸಣ್ಣ ಪ್ರಾಯದ ಹುಡುಗಿಗೆ ಇಷ್ಟು ಗಟ್ಟಿ ಬೆರಳಾ ಅಂದುಕೊಂಡ ಜತ್ತಪ್ಪ, ಕಚಗುಳಿಯಾಗುತ್ತದೆ, ನಗಬಾರದು, ಅರುವತ್ತು ದಾಟಿದವನು ಅಂಗಿ ಬಿಚ್ಚಿ ಕೈ ಎತ್ತಿ ಕೂತು ಕಿಸಕ್ಕನೆ ನಕ್ಕರೆ ಚೆಂದವಾ — ಮೂಲೆಯ ಸ್ಟೂಲಿನಲ್ಲಿ ದೇವಮ್ಮ ಕೂತಿದ್ದಾಳೆ, ಗಂಡನ ಮುಖವನ್ನಲ್ಲ, ಡಾಕ್ಟರ್ ನಶೀದಾಳ ಮುಖವನ್ನೇ ನೋಡುತ್ತಿದ್ದಾಳೆ. ನೋಡಲಿ. ಹೆದರಿಕೆ ಅವಳಿಗೆ, ಇವನಿಗಿಲ್ಲ, ಇಲ್ಲ ಅಂದರೆ ಇಲ್ಲ. ಹೆಗಲಿನ ಹಿಂದಿದ್ದ ಮೊದಲನೆಯ ಗಂಟು ಬೆಂದು, ಕಪ್ಪು ಹಕ್ಕಳೆಯಾಗಿ ಉದುರಿದ್ದನ್ನು ಅವಳೂ ಕಣ್ಣಾರೆ ಕಂಡಿದ್ದಾಳೆ, ಆದರೆ ಅದಕ್ಕೆ ಶಾಖ ಕೊಟ್ಟಿದ್ದರು, ಉದುರದೆ ಎಂತ ಮಾಡೀತು. ಈ ಕಂಕುಳಿನದಕ್ಕೆ ಶಾಖವಿಲ್ಲ, ಕತ್ತಿಯಿಲ್ಲ, ಬೇಕೆಂದೇ ಮುಟ್ಟದೆ ಬಿಟ್ಟದ್ದು, ಇದು ತಾನಾಗಿ ಕರಗಬೇಕು. ಕರಗದಿದ್ದರೆ ಈ ವಾರವೇ ಕೊಯ್ಯುತ್ತಾರೆ, ಈಗ ಕೊಯ್ದರೆ ಮೊದಲೇ ಕೊಯ್ಯುವುದಕ್ಕಿಂತ ಆಳಕ್ಕೆ, ಎಡಗೈ ಮತ್ತೆ ಹೆಗಲಿನಿಂದ ಮೇಲೆ ಏಳುವ ಖಾತರಿಯಿಲ್ಲ. ಒಂದೇ ಕೈಯಲ್ಲಿ ಜೇನುಪೆಟ್ಟಿಗೆ ಎತ್ತಿದವರು ಅವನ ಊರು ಕೊಲ್ಲಮೊಗ್ರಿನಲ್ಲಿ ಯಾರೂ ಇಲ್ಲ.

ಜೇನು ಸಾಕುವವನಲ್ಲದೆ ಬೇರೆ ಯಾರೂ ಹೀಗೆ ಬೇಸ್ತು ಬೀಳುತ್ತಿರಲಿಲ್ಲ. ಕಾಡಿನಂಚಿಗೆ ಸಾಲಾಗಿ ಪೆಟ್ಟಿಗೆ ಇಟ್ಟವನು, ದಿನಾ ಕಚ್ಚಿಸಿಕೊಳ್ಳುವ ಮೈ, ಎಲ್ಲಿ ಬಾತರೂ ಜೇನುನೊಣ ಕಚ್ಚಿದ್ದೇ ಎಂಬ ಲೆಕ್ಕ, ಹೆಗಲಿನ ಹಿಂದೆ ಕಪ್ಪಗೆ ಗುಳ್ಳೆ ಎದ್ದಾಗಲೂ ಅದೇ, ಸ್ವಲ್ಪ ಸುಣ್ಣ ಹಚ್ಚು ಅಂತ ದೇವಮ್ಮನಿಗೆ ಬೆನ್ನು ಕೊಟ್ಟ, ಹಚ್ಚಿದಳು, ಮಳೆಗಾಲ ಪೂರ್ತಿ ಹಚ್ಚಿದಳು, ಇದೆಂತ ಕಚ್ಚಿದ್ದು, ಇಳಿಯುದೇ ಇಲ್ಲವಲ್ಲ ಅಂತ ಕೇಳಿದಳು ಕೂಡ, ಮುಳ್ಳು ಒಳಗೇ ಮುರಿದಿರಬೇಕು ಅಂದವನು ಇವನು, ದೊಡ್ಡ ಪಂಡಿತ. ಸುಳ್ಯದ ಡಾಕ್ಟರು ನೋಡಿದ್ದೇ ತಡ ಮಂಗಳೂರಿಗೆ ಓಡಿಸಿದರು. ಚರ್ಮದ ಕ್ಯಾನ್ಸರ್, ಕಂಕುಳಿಗೂ ಇಳಿದಿದೆ. ಎರಡನ್ನೂ ಕೊಯ್ದು ತೆಗೆಯುವುದು ಒಂದು ದಾರಿ, ಇನ್ನೊಂದು ದಾರಿಯನ್ನು ಈ ನಶೀದಾ ಹೇಳಿದ್ದು, ಪುತ್ತೂರಿನ ಬ್ಯಾರಿಗಳ ಮನೆಯ ಹುಡುಗಿ, ಕುರ್ಚಿ ಎಳೆದು ಹತ್ತಿರ ಕೂತು ಹೇಳಿದಳು — ನೋಡಿ ಜತ್ತಪ್ಪಣ್ಣ, ಹೆಗಲಿನ ಗಂಟಿಗೆ ಸೂಜಿಯಲ್ಲಿ ಚಿನ್ನದ ಕಣ ಹಾಕುದು, ಕಣ್ಣಿಗೆ ಕಾಣದಷ್ಟು ಸಣ್ಣದು, ನ್ಯಾನೋ ಅಂತ, ಮೇಲಿನಿಂದ ಲೇಸರ್ ಬೆಳಕು ಬಿಟ್ಟರೆ ಆ ಕಣ ಕಾಯ್ತದೆ, ಗಂಟು ಅಲ್ಲೇ ಬೇಯ್ತದೆ, ಸತ್ತ ಗಂಟಿನ ಗುರುತು ನಿಮ್ಮ ರಕ್ತದಲ್ಲಿರುವ ಕಾವಲಿನವರಿಗೆ ಸಿಗ್ತದೆ, ಇಷ್ಟು ದಿನ ಗಂಟು ಅವರ ಕಣ್ಣು ಕಟ್ಟಿ ಇಟ್ಟಿತ್ತು, ಡ್ರಿಪ್ಪಿನಲ್ಲಿ ಮತ್ತೊಂದು ಮದ್ದು ಕೊಟ್ಟು ಆ ಕಟ್ಟು ಬಿಚ್ಚುದು, ಆಮೇಲೆ ಕಂಕುಳಿನದನ್ನು ಅವರೇ ಹುಡುಕಿ ಹಿಡೀಬೇಕು, ಹಿಡಿದೇ ಹಿಡೀತಾರೆ ಅಂತ ನಾನು ಮಾತು ಕೊಡುದಿಲ್ಲ, ಇದು ಪ್ರಯೋಗ.

ಅವಳು ಹೇಳುತ್ತಿದ್ದ ಹಾಗೆಯೇ ಇವನ ಕಣ್ಣೆದುರು ಪೆಟ್ಟಿಗೆಯ ಬಾಗಿಲು, ಜೇನು ಹಿಡಿಯಲು ಬಂದ ದೊಡ್ಡ ಕಣಜ, ಹೆಬ್ಬೆರಳಿನಷ್ಟು ದಪ್ಪ, ಕಾವಲಿನ ನೊಣಗಳು ವಾಸನೆ ಹಿಡಿದು ಒಂದರ ಮೇಲೊಂದು ಬೀಳುತ್ತವೆ, ನೊಣದ ಉಂಡೆ, ಕಚ್ಚುವುದಿಲ್ಲ, ಸುಮ್ಮನೆ ಮೈ ನಡುಗಿಸಿ ನಡುಗಿಸಿ ಶಾಖ ಎಬ್ಬಿಸುತ್ತವೆ, ಕಣಜ ಒಳಗೇ ಬೆಂದು ಸಾಯುತ್ತದೆ, ನೊಣಗಳು ಆ ಕಾವು ತಡೆದುಕೊಳ್ಳುತ್ತವೆ. ಎಷ್ಟು ಸಲ ನೋಡಿಲ್ಲ. ಆಯಿತು ಡಾಕ್ಟ್ರೇ, ಮಾಡಿ ಅಂದುಬಿಟ್ಟ. ದೇವಮ್ಮನಿಗೆ ಸಿಟ್ಟು ಬಂತು, ಕೊಯ್ದು ಬಿಸಾಡುದು ಬಿಟ್ಟು ಗಂಟನ್ನು ಒಳಗೆ ಇಟ್ಟುಕೊಂಡು ಎಂತ ಆಟ ಅಂದಳು, ಪುತ್ತೂರು ದಾಟಿ ಸುಳ್ಯ ಬರುವ ತನಕ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಳು. ನೆರೆಮನೆಯ ಪದ್ಮಯ್ಯನಿಗೋ ತಮಾಷೆ, ನಿನ್ನನ್ನು ಇನ್ನು ಬ್ಯಾಂಕಿನಲ್ಲಿ ಅಡವಿಡಬಹುದು ಮಾರಾಯ ಅಂತ. ಲೇಸರ್ ಬಿಟ್ಟ ದಿನ ಹೆಗಲಿನಲ್ಲಿ ಮೊದಲು ಬೆಚ್ಚಗೆ, ಆಮೇಲೆ ಚುರುಚುರು, ಇವನು ಹಲ್ಲು ಕಚ್ಚಿ ಮನಸ್ಸಿನಲ್ಲಿ ಆ ನೊಣದ ಉಂಡೆಯನ್ನೇ ನೋಡುತ್ತಿದ್ದ, ನಡುಗಿ, ಇನ್ನೂ ನಡುಗಿ. ಡ್ರಿಪ್ಪು ಮುಗಿಸಿ ಊರಿಗೆ ಬಂದ ಮೇಲೆ ಜ್ವರ, ಮೈ ಕಾದ ಕಾವಲಿ, ದೇವಮ್ಮ ಅಳುತ್ತ ಫೋನು ಹಚ್ಚಿದಳು, ಜ್ವರ ಬರಬಹುದು ಅಂತ ಹೇಳಿದ್ದೆನಲ್ಲಾ, ಆದರೂ ತಡ ಮಾಡದೆ ಕರಕೊಂಡು ಬನ್ನಿ ಅಂದಳು ನಶೀದಾ, ಜೀಪಿನಲ್ಲಿ ಹಲ್ಲು ಕಟಕಟಿಸುತ್ತಲೇ ಇವನಿಗೆ ಒಳಗೊಳಗೆ ಖುಷಿ, ನೊಣ ಎದ್ದಿವೆ, ಎದ್ದಿವೆ.

ಆದರೆ ಈ ಬೆರಳು ಯಾಕೆ ಇಷ್ಟು ಹೊತ್ತು, ಹೋದ ಸಲ ಇಟ್ಟ ಕೂಡಲೇ ಸಿಕ್ಕಿತ್ತು, ನೆಲ್ಲಿಕಾಯಿಯಷ್ಟು, ಈಗ ಮೇಲೆ ಹೋಯಿತು, ಕೆಳಗೆ ಬಂತು, ನಿಂತಿತು. ನಿಂತದ್ದು ಯಾಕೆ? ಇದೆಯಾ? ಹೆದರಿಕೆಯಿಲ್ಲ ಅಂದವನು ಯಾವನು, ಇದೆ ಹೆದರಿಕೆ, ಕೈ ಹೋದೀತು ಅಂತಲ್ಲ, ಆ ಸ್ಟೂಲಿನಲ್ಲಿ ಕೂತವಳಿಗೆ ಎಂತ ಉತ್ತರ ಕೊಡುವುದು ಅಂತ. ಗಂಟು ಇದ್ದದ್ದು ಎಡದಲ್ಲೇ ಅಲ್ವಾ ಜತ್ತಪ್ಪಣ್ಣ, ನಶೀದಾ ಕೇಳುತ್ತಿದ್ದಾಳೆ. ಎಡದಲ್ಲೇ ಡಾಕ್ಟ್ರೇ. ಸ್ಕ್ಯಾನಿನಲ್ಲೂ ನೋಡ್ಬೇಕು, ಆದರೆ ನನ್ನ ಕೈಗೆ ಸಿಗುದಿಲ್ಲ. ದೇವಮ್ಮ ಎದ್ದಳು, ಕೇಳಲಿಲ್ಲ, ಹೇಳಲಿಲ್ಲ, ನೇರ ಬಂದು ತನ್ನ ಕೈಯನ್ನೇ ಅವನ ಕಂಕುಳಿಗೆ ಹಾಕಿದಳು, ಡಾಕ್ಟರಮ್ಮ ಸರಿದು ಜಾಗ ಬಿಟ್ಟಳು, ಒರಟು ಬೆರಳು, ಒತ್ತುತ್ತದೆ, ಮತ್ತೆ ಒತ್ತುತ್ತದೆ, ಹುಡುಕುತ್ತದೆ, ನೊಣದ ಉಂಡೆ ಸಡಿಲಾಗುತ್ತಿದೆ, ಒಂದು ನೊಣ ಹಾರಿತು, ಇನ್ನೊಂದು, ನಾಲ್ಕಾರು ಒಟ್ಟಿಗೆ, ಅವಳ ಬೆರಳು ಹುಡುಕುವುದು ಬಿಟ್ಟಿತು, ಅಂಗೈ ಅಲ್ಲೇ ಊರಿದೆ, ಉಂಡೆ ಬಿಚ್ಚಿಕೊಂಡಿತು, ನಡುವೆ ಏನೂ ಇಲ್ಲ, ನಡುವೆ ಏನೂ ಇಲ್ಲ