ಹುಲಿಗೆಮ್ಮನ ಹೆಸರಿನ ಸಿಮ್

"ಲೇ ರಂಡಿ, ನನ್ನ ಹೊಲದಾಗ ದುಡುದು ಉಂಡು ನನಗಾ ಟೋಪಿ ಹಾಕ್ತಿಯೇನ್ಲೇ?"

ಗೌಡ ಜಗುಲಿಯ ಮೇಲಿಂದ ಕೂಗಿದ. ಉಳ್ಳಾಗಡ್ಡಿ ಕೊಯ್ಯುತ್ತಿದ್ದವಳನ್ನು ಹಾಗೇ ಎಬ್ಬಿಸಿ ಕರೆತಂದಿದ್ದರು. ಹುಲಿಗೆಮ್ಮ ಅಂಗಳದ ಬಿಸಿಲಲ್ಲಿ ನಿಂತಿದ್ದಳು. ಅವಳ ಕೇರಿಯವರು ಆ ಮೆಟ್ಟಿಲು ಹತ್ತುವಂತಿರಲಿಲ್ಲ. ಮೇಲೆ ಕುರ್ಚಿಯಲ್ಲಿ ಪೊಲೀಸ್ ಸಾಹೇಬರು ಚಹಾ ಕುಡಿಯುತ್ತಿದ್ದರು.

ಸಾಹೇಬರು ಗೌಡನ ಮೊಬೈಲು ಹಿಡಿದು ಓದಿದರು: "ಕರೆಂಟ್ ಬಿಲ್ ಬಾಕಿ ಇದೆ. ಇಂದು ಸಂಜೆ ಲೈನ್ ಕಟ್ ಆಗುತ್ತದೆ. ಕೆಳಗಿನ ಲಿಂಕ್ ಒತ್ತಿ." ಗೌಡ ಒತ್ತಿದ್ದ. ಖಾತೆ ಬರಿದಾಗಿತ್ತು. ಮೆಸೇಜು ಬಂದ ನಂಬರು ಯಾರದೆಂದು ಹುಡುಕಿದರೆ ಅವನದೇ ಆಳು ಹುಲಿಗೆಮ್ಮನ ಹೆಸರು, ಅವಳದೇ ಆಧಾರ್.

"ನನ್ನ ಗುಡಿಸಲಿಗೆ ಕರೆಂಟಾ ಇಲ್ರಿ ಸಾಹೇಬ್ರ. ಗೌಡ್ರ ಲೈನ್ ನಾನ್ಯಾಕ ಕಟ್ ಮಾಡ್ಲಿ?"

ಜೊತೆಗೆ ಬಂದಿದ್ದ ಮಹಿಳಾ ಪೇದೆ ಪುಷ್ಪಲತಾ ನಗು ನುಂಗಿಕೊಂಡಳು.

"ಸಿಮ್ ಎಲ್ಲಿ ತಗಂಡಿ, ಅದನ್ನ ಬೊಗಳು," ಎಂದರು ಸಾಹೇಬರು.

"ಬೊಮ್ನಳ್ಳಿ ಸಂತ್ಯಾಗ ಛತ್ರಿ ಹಾಕ್ಕೊಂಡು ಪುಕ್ಕಟಿ ಕೊಡತಿದ್ರು ರೀ. ಮಿಷನ್ ಮ್ಯಾಲ ಹೆಬ್ಬೆಟ್ಟು ಒತ್ತಿದ್ನಿ. ಉಳ್ಳಾಗಡ್ಡಿ ಕೊಯ್ದು ಕೊಯ್ದು ಗೆರಿ ಸವದಾವಲ್ರಿ, ಮೂಡವಲ್ದು ಅಂದ. ಮತ್ತ ಒತ್ತು ಅಂದ, ಒತ್ತಿದ್ನಿ. ಇನ್ನೊಮ್ಮಿ ಅಂದ. ನನ್ನ ಹೆಬ್ಬೆಟ್ಟಾ ಸರಿಯಿಲ್ಲಂತ ನಾನಾ ತಪ್ಪಾತಪ್ಪ ಅಂತ ಕೈ ಮುಗದ್ನಿ. ನನ್ನ ಕೈಗೆ ಕೊಟ್ಟಿದ್ದು ಒಂದಾ ಸಿಮ್ ರೀ."

ಅವಳು ಒತ್ತಿದಾಗಲೆಲ್ಲ ಅವಳ ಹೆಸರಿನಲ್ಲಿ ಮತ್ತೊಂದು ಸಿಮ್ ಹುಟ್ಟಿತ್ತೆಂದು ಸಾಹೇಬರಿಗೆ ಹೊಳೆಯಿತು.

"ಯಾವನವನು?"

"ಬ್ಯಾರೇ ಯಾರಲ್ರಿ. ನಮ್ಮ ಗೌಡ್ರ ತಂಗಿ ಮಗ, ಮೈಲಾರೇಶಪ್ಪ."

ಗೌಡ ದಡಬಡಿಸಿ ಎದ್ದ.

"ಒಳಗ ಬರ್ರಿ ಸಾಹೇಬ್ರ. ಒಂದೀಟು ಮಾತಾಡೋದೈತಿ."

ಅವರು ಒಳಗಿದ್ದಾಗ ಪುಷ್ಪಲತಾ ಕೆಳಗಿಳಿದು ನೀರು ಕೊಟ್ಟಳು. ಬೊಗಸೆಗೆ ಮೇಲಿಂದ ಸುರಿಯಲಿಲ್ಲ, ತನ್ನ ಬಾಟಲಿಯನ್ನೇ ಕೈಗಿತ್ತಳು.

"ನೆಳ್ಳಿಗೆ ಸರಿಯಬೇ, ಬಿಸಿಲು ಭಾಳ ಐತಿ."

ಗೌಡ ಹೊರಬಂದು ತನ್ನ ಕುರ್ಚಿಯಲ್ಲಿ ಕೂತ. ಹಿಂದೆಯೇ ಬಂದ ಸಾಹೇಬರ ಕೈಯಲ್ಲಿ ಬರೆದ ಹಾಳೆಯಿತ್ತು. ದನಿ ಮೆತ್ತಗಾಗಿತ್ತು.

"ಹೆಬ್ಬೆಟ್ಟು ಒತ್ತಿ ಮನಿಗೆ ಹೋಗು."

ಪುಷ್ಪಲತಾ ಅವಳ ಬೆರಳಿಗೆ ಶಾಯಿ ಹಚ್ಚಿದಳು.

"ಏನು ಬರದೈತಬೇ ಇದ್ರಾಗ?" ಹುಲಿಗೆಮ್ಮ ಕೇಳಿದಳು.

ಪುಷ್ಪಲತಾ ಒಮ್ಮೆ ಸಾಹೇಬರ ಕಡೆ ನೋಡಿದಳು. ತಲೆ ತಗ್ಗಿಸಿ ಮೆಲ್ಲಗೆ ಅಂದಳು: "ಸಿಮ್ ನೀನಾ ತಗಂಡು ಯಾರಿಗೋ ಮಾರೀಯಂತ ಐತಬೇ. ಒತ್ತಿದ್ರ ನಾಳೆ ನಿನ್ನಾ ಒಳಗ ಹಾಕ್ತಾರ."

"ಏನ್ ಪುರಾಣ ಹೇಳಾಕತ್ತೀಯ ಅಕಿಗೆ? ಒತ್ತಸು!" ಸಾಹೇಬರು ಗದರಿದರು. ಪುಷ್ಪಲತಾ ಹುಲಿಗೆಮ್ಮನ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ.

ಹುಲಿಗೆಮ್ಮ ಕೈ ಬಿಡಿಸಿಕೊಂಡಳು. ಒಂದು ಮೆಟ್ಟಿಲು ಹತ್ತಿದಳು. ಇನ್ನೊಂದು ಹತ್ತಿದಳು.

"ಏಯ್, ಇಳಿಲೇ! ಮೈಲಿಗಿ ಮಾಡ್ತಿಯೇನ್ಲೇ?" ಗೌಡ ಎದ್ದು ಹಿಂದೆ ಸರಿದ.

ಅವಳು ಸುಣ್ಣ ಬಳಿದ ಗೋಡೆಗೆ ಹೆಬ್ಬೆರಳು ಒತ್ತಿದಳು. ಬಾಗಿಲ ಚೌಕಟ್ಟಿಗೆ ಒತ್ತಿದಳು. ಗೌಡ ಬಿಟ್ಟೆದ್ದ ಕುರ್ಚಿಯ ತೋಳಿಗೂ ಒತ್ತಿದಳು. ಎಲ್ಲವೂ ಗೆರೆಯಿಲ್ಲದ ಕಪ್ಪು ಕಲೆಗಳು.

"ಕೇಸು ಇದಕ್ಕ ಹಾಕ್ರಿ ಸಾಹೇಬ್ರ," ಎಂದಳು. "ಇದನ್ನ ನಾನಾ ಒತ್ತೀನಿ."